ಮಿಂಚುಳ್ಳಿಯ ಅಳತೆ

ಲೀಡ್ಸ್ ಊರಿನ ಹಳೆಯ ಉಣ್ಣೆ ಗಿರಣಿ ಈಗ ಸ್ಟುಡಿಯೋ.
ಮೂರನೇ ಮಹಡಿಯಲ್ಲಿ ಉಡುಪಿನ ಕೋಣೆ,
ಕಿಟಕಿಯ ಕೆಳಗೆ ಏರ್ ನದಿ, ಹಾಲಿಲ್ಲದ ಚಹಾದ ಬಣ್ಣ.
ಐವತ್ತು ವರ್ಷ ರಟ್ಟಿನ ಪೆಟ್ಟಿಗೆಯಲ್ಲಿ ಮಲಗಿದ್ದವಳನ್ನು
ನನ್ನ ಮೇಜಿನ ಮೇಲೆ ಬಿಚ್ಚಿಟ್ಟಿದ್ದಾರೆ:
ನೀಲಿ ಹೊದಿಕೆ, ಕಿತ್ತಳೆ ಎದೆ,
ನುಸಿಗುಳಿಗೆಯ ಘಾಟು.

ಅವಳಿಗೆ ಇವರಿಟ್ಟ ಹೆಸರು ಕಿಂಗ್‌ಫಿಶರ್,
ಹೆಣ್ಣಿಗೆ ರಾಜನ ಹೆಸರು.
ನಾನು ಮನಸ್ಸಿನಲ್ಲೇ ಮಿಂಚುಳ್ಳಿ ಅಂದೆ.
ನಮ್ಮ ಮಾತಿನಲ್ಲಿ ಅವಳಿಗೆ ಮಿಂಚು ಹುಟ್ಟಾ ಬಂದದ್ದು,
ಪ್ರಯೋಗಾಲಯದ ಅಪಘಾತವೇನೂ ಬೇಕಿಲ್ಲ.

ಮೇಲಿನ ಕೋಣೆಯಲ್ಲಿ ಮೀಟಿಂಗು.
ಹೊದಿಕೆ ಇರಲೋ ಬೇಡವೋ ಎಂದು ಒಂಬತ್ತು ಜನ.
ಈ ಕಾಲಕ್ಕೆ ಅವಳಿಗೊಂದು ನೋವು ಬೇಕಂತೆ.
ಸತ್ತ ತಂಗಿಯೋ? ಕುಡುಕ ಗಂಡನೋ?
ಬೋರ್ಡಿನ ಮೇಲೆ ಬರೆದರು, ಅಳಿಸಿದರು.
ಕಿತ್ತಳೆ ಇಳಿಸಿ, ಬೂದು ಏರಿಸಿ ಅಂತ
ನನಗೊಂದು ಚೀಟಿ ಬಂತು.

ನಾನು ಅಸ್ತರು ತಿರುವಿದೆ.
ಬೆಟಗೇರಿಯಲ್ಲಿ ನಮ್ಮವ್ವ ಗಿರಾಕಿಯ ಮುಖ ನೋಡುತ್ತಿರಲಿಲ್ಲ,
ಹಳೆ ಕುಪ್ಪಸ ಒಳಹೊರಗು ಮಾಡಿ
‘ಎಡಭುಜ ತಗ್ಗೈತಿ, ನೀರು ಹೊರತಾಳ ಪಾಪ’ ಅನ್ನುವಳು.
ಇಲ್ಲಿ
ಬಲ ಮೊಣಕೈಗೆ ತೇಪೆಯ ಮೇಲೆ ತೇಪೆ,
ಬೆನ್ನಿನ ಹೊಲಿಗೆ ಮೂರು ಸಲ ಬಿಚ್ಚಿ ಸಡಿಲಿಸಿದ ಗುರುತು,
ಸೊಂಟದಲ್ಲಿ ತುಕ್ಕು ಹಿಡಿದ ಪಿನ್ನು,
ಕೊರಳಪಟ್ಟಿಯೊಳಗೆ ಹೊಲಿದ ಹೆಸರು.
ನಟಿಯದಲ್ಲ. ಬಿ. ಸಗ್ಡನ್.

ಕೇಳಿ ಕೇಳಿ ಹುಡುಕಿದೆ.
ಗುರುವಾರ ಬಸ್ಸಿನಲ್ಲಿ ಬಂದಳು ಬೆರಿಲ್ ಸಗ್ಡನ್,
ಎಪ್ಪತ್ತೊಂಬತ್ತು ವರ್ಷ,
ಹಿಂದೆ ಗಾಲಿಯ ಚೀಲ, ಅದರಲ್ಲಿ ಈರುಳ್ಳಿ, ಬೆಕ್ಕಿನ ಡಬ್ಬಿ.
ಉಡುಪು ನೋಡಿದಳು. ಕಣ್ಣೀರು ಬರಬಹುದೆಂದು
ನಾನು ಕರವಸ್ತ್ರ ಹುಡುಕುತ್ತಿದ್ದರೆ,
‘ಒಗೆಯಲೇ ಇಲ್ಲವಾ ಸೋಮಾರಿಗಳು?’ ಅಂದಳು.

ಪರದೆಯಲ್ಲಿ ನಕ್ಕವಳು ಬೇರೆ.
ಗೋಡೆಯಿಂದ ಜಿಗಿದವಳು ಇವಳು,
ಜಿಗಿತಕ್ಕೆ ನಾಲ್ಕು ಪೌಂಡು, ಮೂಳೆ ಮುರಿದರೆ ಆರು.
ಕೆಳಗೆ ಖಾಲಿ ಮೊಟ್ಟೆಪೆಟ್ಟಿಗೆ, ಅದರ ಮೇಲೊಂದು ಹಾಸಿಗೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ ನಮ್ಮಲ್ಲಿ.
ಇವಳು ಹಾಸಿಗೆ ಇದ್ದಲ್ಲಿಗೆ ಹಾರಿದವಳು,
ಎರಡು ಸಲ ಇಲ್ಲದಲ್ಲಿಗೂ.

‘ಹೊದಿಕೆ ಹಾರೋದಕ್ಕಲ್ಲ ಕಣೇ,
ಬೆನ್ನಿಗೆ ಕಟ್ಟಿದ ತಂತಿ ಮುಚ್ಚೋದಕ್ಕೆ.
ಒಂದು ಸಲ ನಾಲ್ಕು ತಿಂಗಳ ಬಸುರನ್ನೂ ಮುಚ್ಚಿತ್ತು.
ಬೇಕಾದರೆ ಬರಕೋ.
ಬೇಡ, ಬರೀಬೇಡ.’

ಮಧ್ಯಾಹ್ನ ಅಳತೆಗೆ ಬಂದಳು ಹೊಸ ಮಿಂಚುಳ್ಳಿ,
ಚಾಪೆಲ್‌ಟೌನಿನ ಹುಡುಗಿ ಕೆಡಿಶಾ ಲಿಬರ್ಡ್,
ಕಾಲಲ್ಲಿ ಒಂದೇ ಶೂ, ಬಾಯಲ್ಲಿ ಅರ್ಧ ಬಿಸ್ಕತ್ತು.
ಬೀಳುವಾಗ ಮುಖ ಹೇಗಿರಬೇಕು ಎಂದು ಕೇಳಿದಳು.
‘ಮುಖವಾ? ನನ್ನ ಮುಖ ಯಾರೂ ನೋಡಿಲ್ಲ ಮಗು.
ಗದ್ದ ಒಳಗೆ ತಗೋ. ಉಸಿರು ಬಿಡು.
ನೆಲ ತಾನೇ ಬರುತ್ತೆ.’
ಮೇಜಿನಂಚು ಹಿಡಿದು ಮುದುಕಿ ಮಂಡಿ ಮಡಿಸಿದಳು,
ಲಟಲಟ ಸದ್ದು ಕೇಳಿಸಿತು.
ಹುಡುಗಿಯೂ ಮಡಿಸಿದಳು.
ಕನ್ನಡಿಯಲ್ಲಿ ಎರಡು ಗದ್ದ ಒಟ್ಟಿಗೇ ಒಳಗೆ ಹೋದವು.
ಟೇಪು ಹಿಡಿದ ನಾನು
ಎದೆಯ ಅಳತೆ ಮರೆತು ಮತ್ತೆ ತೆಗೆಯಬೇಕಾಯಿತು.

ನೂಲಿನಂತೆ ಸೀರೆ ಅಂತ ಗಾದೆ.
ಈ ನೂಲು ಎಲ್ಲಿಯದು, ಯಾರು ನೂತದ್ದು, ಗೊತ್ತಿಲ್ಲ.
ಚೀಟಿಯಲ್ಲಿದ್ದಂತೆ ಬೂದು ಬಟ್ಟೆಯನ್ನೇ ಕತ್ತರಿಸಿದೆ.
ಬೆನ್ನಿನ ಹೊಲಿಗೆಯೊಳಗೆ ಮಾತ್ರ
ಮೂರು ಬೆರಳು ಬಟ್ಟೆ ಮಡಚಿಟ್ಟೆ.
ಮೀಟಿಂಗಿಗೆ ಅದು ಕಾಣುವುದಿಲ್ಲ.

ಹೊರಡುವಾಗ ಬೆರಿಲ್ ಕೇಳಿದ್ದು ಒಂದೇ:
‘ಆ ಪಿನ್ನು ನನ್ನದು, ಕೊಡು.’
ತುಕ್ಕು ಹಿಡಿದಿದೆ ಅಂದೆ.
‘ನನಗೂ’ ಅಂದಳು,
ಸ್ವೆಟರಿಗೆ ಚುಚ್ಚಿಕೊಂಡು
ಐದೂ ಹತ್ತರ ಬಸ್ಸಿಗೆ ಮೆಟ್ಟಿಲಿಳಿದಳು,
ಕಟಕಟೆ ಹಿಡಿದು, ಒಂದೊಂದಾಗಿ,
ಹಿಂದೆ ಗಾಲಿಯ ಚೀಲ
ಧಡ್, ಧಡ್.